ಧ್ವಜ ದಿನದ ಋಣ

ಡಿಸೆಂಬರ್ 7ನೆಯ ತಾರೀಖು ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗುವುದಿಲ್ಲ. ಅಂದು ಶಾಲೆಗಳಿಗೆ ರಜವಿಲ್ಲ, ಕಚೇರಿಗಳಿಗೆ ಬಿಡುವಿಲ್ಲ, ಅಡುಗೆಮನೆಯಲ್ಲಿ ಹೋಳಿಗೆಯ ಸಡಗರವಂತೂ ಇಲ್ಲವೇ ಇಲ್ಲ. ಬೀದಿಯ ತಿರುವಿನಲ್ಲಿಯೋ, ಯಾವುದಾದರೊಂದು ಕಚೇರಿಯ ಬಾಗಿಲಲ್ಲಿಯೋ ತಗಡಿನ ಡಬ್ಬಿಯನ್ನು ಹಿಡಿದ ಹುಡುಗನೊಬ್ಬ ನಮಗೆ ಎದುರಾಗುತ್ತಾನೆ. ನಾವು ಡಬ್ಬಿಗೆ ನಾಣ್ಯವನ್ನೋ ನೋಟನ್ನೋ ಹಾಕುತ್ತೇವೆ. ಅವನು ಬೆರಳುದ್ದದ ಕಾಗದದ ಧ್ವಜವೊಂದನ್ನು ಗುಂಡುಸೂಜಿಯಿಂದ ನಮ್ಮ ಅಂಗಿಗೆ ಸಿಕ್ಕಿಸುತ್ತಾನೆ. ಆ ಧ್ವಜದಲ್ಲಿ ಮೂರು ಬಣ್ಣಗಳು: ಕೆಂಪು, ಕಡುನೀಲಿ, ತಿಳಿನೀಲಿ. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಇಷ್ಟರಿಂದ ಆ ದಿನದ ವಿಧಿ ಮುಗಿಯಿತು. ಇಷ್ಟು ಸಣ್ಣ ವಿಧಿಯುಳ್ಳ ರಾಷ್ಟ್ರೀಯ ದಿನ ನಮ್ಮಲ್ಲಿ ಇನ್ನೊಂದಿದೆಯೆಂದು ನನಗೆ ತೋರುವುದಿಲ್ಲ.

ಸೈನ್ಯಕ್ಕೆ ಸಂಬಂಧಿಸಿದ ದಿನಗಳು ನಮ್ಮಲ್ಲಿ ಬೇರೆಯೂ ಉಂಟು. ಜನವರಿ 15 ಸೇನಾ ದಿನ. 1949ರಲ್ಲಿ ಅಂದು ಕೊಡಗಿನ ಕೆ. ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು. ಜುಲೈ 26 ಕಾರ್ಗಿಲ್ ವಿಜಯದ ದಿನ. 1999ರ ಆ ಕಾಳಗ ಮುಗಿದ ನೆನಪು. ಡಿಸೆಂಬರ್ 16, 1971ರಲ್ಲಿ ಢಾಕಾ ನಗರದಲ್ಲಿ ಎದುರಾಳಿ ಸೈನ್ಯ ಶಸ್ತ್ರವನ್ನೊಪ್ಪಿಸಿದ ದಿನ. ಇವೆಲ್ಲ ಹೆಮ್ಮೆಯ ದಿನಗಳು. ಅಂದು ಪಥಸಂಚಲನವುಂಟು, ಭಾಷಣವುಂಟು, ಹೂಮಾಲೆಯುಂಟು. ಧ್ವಜ ದಿನದ ಸ್ವಭಾವ ಇವುಗಳಿಂದ ಬೇರೆ. ಅದು ಯಾವ ಗೆಲವನ್ನೂ ನೆನಪಿಸುವುದಿಲ್ಲ. ಯಾವ ಕಾಳಗದ ತಾರೀಖಿಗೂ ಅದು ಕಟ್ಟುಬಿದ್ದಿಲ್ಲ. ಅದು ಕೈಚಾಚಿ ಕೇಳುವ ದಿನ. ಹೆಮ್ಮೆಪಡು ಎಂದು ಹೇಳುವ ದಿನಗಳ ನಡುವೆ ಕೊಡು ಎಂದು ಕೇಳುವ ದಿನ ಇದೊಂದೇ.

ಈ ದಿನದ ಹುಟ್ಟು 1949ರಲ್ಲಿ. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿದ್ದಿತು. ಮಹಾಯುದ್ಧ ಮುಗಿದು ಊರಿಗೆ ಹಿಂದಿರುಗಿದ ಸೈನಿಕರು, ಹಿಂದಿರುಗದವರ ಮನೆಮಂದಿ, ದೇಶ ವಿಭಾಗದ ನೋವು, ಕಾಶ್ಮೀರದಲ್ಲಿ ಆಗಷ್ಟೇ ನಿಂತಿದ್ದ ಕಾಳಗ, ಇವೆಲ್ಲ ಹೊಸ ಸರಕಾರದ ಮುಂದಿದ್ದುವು. ಆ ವರ್ಷದ ಆಗಸ್ಟ್ 28ರಂದು ರಕ್ಷಣಾ ಸಚಿವರ ಅಧ್ಯಕ್ಷತೆಯ ಸಮಿತಿಯೊಂದು ಪ್ರತಿವರ್ಷ ಡಿಸೆಂಬರ್ 7ನ್ನು ಧ್ವಜ ದಿನವನ್ನಾಗಿ ಆಚರಿಸಬೇಕೆಂದು ಗೊತ್ತುಮಾಡಿತು. ಸಂಗ್ರಹವಾದ ಹಣ ಮಡಿದವರ ಕುಟುಂಬಗಳಿಗೆ, ಅಂಗವಿಕಲರಾದ ಯೋಧರಿಗೆ, ನಿವೃತ್ತರಾಗಿ ಕಷ್ಟದಲ್ಲಿರುವವರಿಗೆ ಸಲ್ಲತಕ್ಕದ್ದು. ಬೇರೆ ಬೇರೆಯಾಗಿದ್ದ ಹಲವು ಕ್ಷೇಮನಿಧಿಗಳನ್ನು 1993ರಲ್ಲಿ ಒಂದುಗೂಡಿಸಿ ಸಶಸ್ತ್ರಪಡೆಗಳ ಧ್ವಜ ದಿನ ನಿಧಿ ಎಂದು ಕರೆಯಲಾಯಿತು. ಬೆನ್ನುಹುರಿಗೆ ಪೆಟ್ಟುಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕರನ್ನು ನೋಡಿಕೊಳ್ಳುವ ಪುಣೆಯ ಬಳಿಯ ಖಡಕಿಯ ಕೇಂದ್ರದಂಥ ಸಂಸ್ಥೆಗಳಿಗೂ ಸೈನಿಕ ಮಂಡಳಿಯ ಮೂಲಕ ನೆರವು ಹೋಗುತ್ತದೆ.

ಪರದೇಶಗಳಲ್ಲಿ ಇಂಥ ದಿನದ ರೂಪ ಬೇರೆ. 1918ರ ನವೆಂಬರ್ 11ರಂದು ಬೆಳಗ್ಗೆ 11 ಗಂಟೆಗೆ ಮೊದಲ ಮಹಾಯುದ್ಧ ಪಶ್ಚಿಮ ರಣರಂಗದಲ್ಲಿ ನಿಂತಿತು. ಮರುವರ್ಷದಿಂದ ಬ್ರಿಟನ್ನಿನಲ್ಲಿಯೂ ಅದರ ಅಧೀನದ ನಾಡುಗಳಲ್ಲಿಯೂ ಆ ಗಳಿಗೆಗೆ ಎರಡು ನಿಮಿಷದ ಮೌನವನ್ನು ಆಚರಿಸತೊಡಗಿದರು. ಗಸಗಸೆಯ ಜಾತಿಯ ಕೆಂಪು ಹೂವೊಂದನ್ನು ಎದೆಗೆ ಸಿಕ್ಕಿಸಿಕೊಳ್ಳುವ ಪದ್ಧತಿ 1921ರಿಂದ ಅಲ್ಲಿ ಬೇರೂರಿತು. ಕಾಗದ ಬಟ್ಟೆಗಳಿಂದ ಆ ಹೂವನ್ನು ಮಾಡುವ ಕೆಲಸವನ್ನು ಯುದ್ಧದಲ್ಲಿ ಅಂಗಹೀನರಾದವರಿಗೇ ಒದಗಿಸಿದರು. ಅಲ್ಲಿಯೂ ಹೂವಿನ ಹಿಂದೆ ಹಣದ ಡಬ್ಬಿಯೊಂದಿತ್ತು ಎಂಬುದನ್ನು ಮರೆಯಬಾರದು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಮೌನ. ಎರಡು ನಿಮಿಷದ ಮೌನ ಬಹಳ ಗಂಭೀರವಾದ ವಸ್ತು. ಅದರ ಅಂದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಮೌನದಿಂದ ಸತ್ತವರಿಗೆ ಗೌರವ ಸಂದೀತೇ ಹೊರತು ಅವರ ಮನೆಯ ಒಲೆ ಉರಿಯಲಾರದು.

ಸತ್ತ ಯೋಧನನ್ನು ನೆನೆಯುವ ವಿದ್ಯೆಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲಿ, ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಮಗ್ಗುಲಲ್ಲಿ, ಬೇಲಿಯ ಸಂದಿಯಲ್ಲಿ ವೀರಗಲ್ಲುಗಳು ನಿಂತಿವೆ. ಅವುಗಳ ಸಾಮಾನ್ಯವಾದ ರೂಪವನ್ನು ನೀವೆಲ್ಲ ಬಲ್ಲಿರಿ. ಕೆಳಗಿನ ಅಂಕಣದಲ್ಲಿ ಹೋರಾಟ. ನಡುವಿನದರಲ್ಲಿ ವೀರನನ್ನು ಎತ್ತಿ ಒಯ್ಯುತ್ತಿರುವ ಅಪ್ಸರೆಯರು. ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ತುದಿಯಲ್ಲಿ ಸೂರ್ಯ ಚಂದ್ರರು. ಇವುಗಳಲ್ಲಿ ಬಹುಪಾಲು ರಾಜರಿಗಾಗಿ ನಿಲ್ಲಿಸಿದವಲ್ಲ. ಕಳ್ಳರು ಅಟ್ಟಿಕೊಂಡು ಹೋದ ತುರುಗಳನ್ನು ಮರಳಿಸಲು ಹೋಗಿ ಸತ್ತವನು, ಊರಿಗೆ ಮುತ್ತಿಗೆ ಬಿದ್ದಾಗ ಬಾಗಿಲಲ್ಲಿ ನಿಂತವನು, ಹೆಂಗಸರ ಮಾನವನ್ನು ಕಾಯಲು ಹೋಗಿ ಬಿದ್ದವನು, ಇಂಥವರ ಕಲ್ಲುಗಳು ಅವು. ಬೆಂಗಳೂರು ಎಂಬ ಊರ ಹೆಸರು ನಮಗೆ ಮೊಟ್ಟಮೊದಲು ಸಿಕ್ಕುವುದು ಬೇಗೂರಿನ ಗುಡಿಯಲ್ಲಿರುವ, ಸುಮಾರು 900ರ ಕಾಲದ ಬರಹವೊಂದರಲ್ಲಿ. ಬೆಂಗಳೂರ ಕಾಳಗದಲ್ಲಿ ಒಬ್ಬನು ಸತ್ತನೆಂಬುದೇ ಅದರ ಒಕ್ಕಣೆ. ಇಂದಿನ ಆ ಮಹಾನಗರ ಚರಿತ್ರೆಯೊಳಗೆ ಕಾಲಿಟ್ಟದ್ದು ಸಾಮಾನ್ಯನೊಬ್ಬನ ಸಾವಿನ ಸುದ್ದಿಯನ್ನು ಹಿಡಿದುಕೊಂಡು.

ಆದರೆ ಕಲ್ಲು ಈ ಸಂಪ್ರದಾಯದ ಅರ್ಧ ಮಾತ್ರ. ಉಳಿದರ್ಧ ಭೂಮಿ. ಮಡಿದ ವೀರನ ಮನೆಯವರಿಗೆ ಗದ್ದೆಯನ್ನೋ ಹೊಲವನ್ನೋ ಬಿಟ್ಟುಕೊಡುವ ಪದ್ಧತಿ ಕಲ್ಲು ನಿಲ್ಲಿಸುವ ಪದ್ಧತಿಯ ಜೊತೆಜೊತೆಗೇ ಬೆಳೆಯಿತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ. ಎಷ್ಟು ನೇರವಾದ ಮಾತು! ಕಲ್ನಾಡು, ಬಾಳ್ಗಳ್ಚು ಎಂಬ ಮಾತುಗಳೂ ಶಾಸನಗಳಲ್ಲಿ ಬರುತ್ತವೆ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆದುದಕ್ಕೆ ಕೊಟ್ಟದ್ದು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ, ಸುಮಾರು 450ರದೆಂದು ಎಣಿಸಲಾಗಿರುವ ಹಲ್ಮಿಡಿಯ ಕಲ್ಲಿನಲ್ಲಿಯೇ ಈ ಮಾತು ಇದೆ. ಯುದ್ಧದಲ್ಲಿ ಹೋರಾಡಿದ ವಿಜ ಅರಸ ಎಂಬವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟರೆಂಬುದು ಅದರ ಸಾರ. ನಮ್ಮ ಭಾಷೆಯ ಹಿರಿಮೆಯನ್ನು ಹೇಳುವಾಗ ನಾವು ಹಲ್ಮಿಡಿಯನ್ನು ಮತ್ತೆ ಮತ್ತೆ ನೆನೆಯುತ್ತೇವೆ. ಕನ್ನಡ ಕಲ್ಲಿನ ಮೇಲೆ ಕಣ್ತೆರೆದ ಆ ದಿನಗಳಲ್ಲಿ ಅದು ಬರೆದಿಟ್ಟದ್ದು ಒಬ್ಬ ಯೋಧನಿಗೆ ಸಲ್ಲಬೇಕಾದ ಬಾಕಿಯ ಲೆಕ್ಕವನ್ನು ಎಂಬುದನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ.

ಬೇಗೂರಿನ ಇನ್ನೊಂದು ಪ್ರಸಿದ್ಧ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ ಕುದುರೆಗಳ ನೂಕುನುಗ್ಗಲಿನ ನಡುವೆ ನಾಗತ್ತರ ಎಂಬ ನಾಯಕ ಸತ್ತುದನ್ನು ಅದು ಕೆತ್ತಿ ತೋರಿಸುತ್ತದೆ. ಕೆಳಗಿನ ಬರಹ ಅಷ್ಟಕ್ಕೇ ನಿಲ್ಲದೆ, ಆ ಸಾವಿನ ವಾರ್ತೆಯನ್ನು ಕೇಳಿದ ಗಂಗರ ಎರೆಯಪ್ಪರಸ ಇರುಗ ಎಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಹೇಳುತ್ತದೆ. ಇಂಥ ದಾನಶಾಸನಗಳ ಕೊನೆಗೆ ಬರುವ ಶಾಪವಾಕ್ಯವನ್ನೂ ಗಮನಿಸಬೇಕು. ಇದನ್ನು ಅಳಿದವನು ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಬೆದರಿಕೆ ಮುಖ್ಯವಾಗಿ ಕಾಯುವುದು ದತ್ತಿಯನ್ನು. ಕಲ್ಲಿಗೆ ಮಳೆ ಬಿಸಿಲುಗಳ ಭಯವಿಲ್ಲ. ಭಯವಿರುವುದು ಗಂಡನಿಲ್ಲದ ಮನೆಯ ಹೊಲಕ್ಕೆ. ನಮ್ಮ ಹಿರಿಯರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಈ ಹಿನ್ನೆಲೆಯಲ್ಲಿ ನೋಡಿದರೆ ಧ್ವಜ ದಿನ ನನಗೆ ಸರಕಾರದ ಒಂದು ಏರ್ಪಾಡಾಗಿ ಮಾತ್ರ ಕಾಣುವುದಿಲ್ಲ. ಅರಸನಿಲ್ಲದ ಕಾಲದ ನೆತ್ತರುಗೊಡಗೆ ಅದು. ಅಂದು ಊರೊಡೆಯ ಗದ್ದೆ ಬಿಟ್ಟುಕೊಡುತ್ತಿದ್ದ. ಇಂದು ಊರೇ ಒಡೆಯನಾಗಿರುವುದರಿಂದ ದಾರಿಹೋಕ ತನ್ನ ಜೇಬಿನಿಂದ ಕೊಡುತ್ತಾನೆ. ಆದ್ದರಿಂದ ಆ ಡಬ್ಬಿಗೆ ಬೀಳುವುದನ್ನು ದಾನವೆನ್ನಲು ನನ್ನ ಮನಸ್ಸೊಪ್ಪದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ಋಣ ತೀರಿಸುವವನ ಕೈ ಹಾಗೆ ಮೇಲಿರಲಾರದು.

ಕಲ್ಲು ನಿಲ್ಲಿಸುವುದರಲ್ಲಿ ನಮ್ಮ ಕಾಲವೂ ಹಿಂದೆ ಬಿದ್ದಿಲ್ಲ. ದೆಹಲಿಯ ಇಂಡಿಯಾ ಗೇಟಿಗೆ 1921ರಲ್ಲಿ ಅಡಿಗಲ್ಲಿಟ್ಟು 1931ರಲ್ಲಿ ಪೂರ್ಣಗೊಳಿಸಿದರು. ಪ್ರಾಣ ಕಳೆದುಕೊಂಡ 70,000 ಭಾರತೀಯ ಸೈನಿಕರಿಗೆ ಅದು ಅರ್ಪಿತವಾದದ್ದು. ಅದರ ಮೇಲೆ ಕೆತ್ತಿರುವ ಹೆಸರುಗಳು 13,000ಕ್ಕೆ ತುಸು ಹೆಚ್ಚು. ಅಂದರೆ ಅಷ್ಟು ದೊಡ್ಡ ಕಮಾನಿನ ಮೇಲೂ ಬಹುಪಾಲು ಹೆಸರುಗಳಿಗೆ ಎಡೆ ದೊರೆಯಲಿಲ್ಲ. ಅದೇ ಊರಿನಲ್ಲಿ ಮೂರು ಕಂಚಿನ ಸೈನಿಕರ ಪ್ರತಿಮೆಗಳಿವೆ, 1922ರಲ್ಲಿ ನಿಲ್ಲಿಸಿದವು. ಆ ಮೂವರಲ್ಲೊಬ್ಬ ನಮ್ಮ ಮೈಸೂರಿನವನು. ಉಳಿದಿಬ್ಬರು ಹೈದರಾಬಾದು ಮತ್ತು ಜೋಧಪುರದವರು. ಮೊದಲ ಮಹಾಯುದ್ಧದಲ್ಲಿ ಈ ಸಂಸ್ಥಾನಗಳ ಕುದುರೆ ಪಡೆಗಳು ಪಶ್ಚಿಮ ಏಷ್ಯದಲ್ಲಿ ಹೋರಾಡಿದುವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರು ಮೈಸೂರು ಮತ್ತು ಜೋಧಪುರದ ರಾವುತರು. ಎದುರಿಗೆ ಮೆಷಿನ್‌ಗನ್ನುಗಳು, ಇವರ ಕೈಯಲ್ಲಿ ಈಟಿ. ಮೈಸೂರು ಸೀಮೆಯ ಮನೆಗಳಿಂದ ಹೊರಟು ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಕುದುರೆ ಓಡಿಸಿದ ಆ ಹುಡುಗರಿಗೆ ಆ ಯುದ್ಧ ಯಾರದೆಂದು ಎಷ್ಟರಮಟ್ಟಿಗೆ ಗೊತ್ತಿದ್ದೀತು? ಅವರನ್ನು ಕುರಿತ ಸ್ಮಾರಕವನ್ನು ದೆಹಲಿಯ ಜನ ‘ತೀನ್ ಮೂರ್ತಿ’ ಎಂದರು. ಮೂರು ಬೊಂಬೆಗಳು, ಅಷ್ಟೆ. ಎಷ್ಟು ಮಂದಿ ಎಂಬುದು ಹೆಸರಿನಲ್ಲಿ ಉಳಿಯಿತು, ಯಾರು ಎಂಬುದು ಹೋಯಿತು. ಆ ವೃತ್ತದ ಹೆಸರಿಗೆ ಹೈಫಾ ಎಂಬ ಮಾತು ಸೇರಿದ್ದು 2018ರಲ್ಲಿ, ನೂರು ವರ್ಷದ ಮೇಲೆ.

ಸ್ವತಂತ್ರ ಭಾರತ ತನ್ನದೇ ಆದ ರಾಷ್ಟ್ರೀಯ ಯುದ್ಧ ಸ್ಮಾರಕವನ್ನು ದೆಹಲಿಯಲ್ಲಿ ಕಟ್ಟಿ ಮುಗಿಸಿದ್ದು 2019ರ ಫೆಬ್ರವರಿಯಲ್ಲಿ. ಅಲ್ಲಿಯ ತ್ಯಾಗಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಒಬ್ಬೊಬ್ಬರಿಗೂ ಒಂದೊಂದು ಕಲ್ಲಿನ ಇಟ್ಟಿಗೆ. ದಂಡನಾಯಕನಿಗೆ ದೊಡ್ಡದು, ಜವಾನನಿಗೆ ಚಿಕ್ಕದು ಎಂಬ ಭೇದವಿಲ್ಲ. ಇದು ನಮ್ಮ ಹಳೆಯ ವೀರಗಲ್ಲಿನ ನೀತಿಗೆ ಹತ್ತಿರವಾದದ್ದು. ಬೆಂಗಳೂರಿನ ಸೈನಿಕ ಸ್ಮಾರಕದಲ್ಲಂತೂ ವೀರಗಲ್ಲು ಎಂಬ ಹೆಸರಿನಿಂದಲೇ ಎತ್ತರವಾದ ಏಕಶಿಲೆಯೊಂದನ್ನು ನಿಲ್ಲಿಸಿದ್ದಾರೆ.

ಹೆಸರು ಸಿಕ್ಕುವುದು ಕೂಡ ಎಷ್ಟು ಕಷ್ಟವೆಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆ ಸಾಕು. 1965ರ ಸೆಪ್ಟೆಂಬರ್ 7ರಂದು ಸರ್ಗೋಧದ ವಿಮಾನನೆಲೆಯ ಮೇಲೆ ಎರಗಲು ಹೊರಟ ನಮ್ಮ ಮಿಸ್ಟೇರ್ ವಿಮಾನಗಳಲ್ಲಿ ಅವರದು ಹಿಂದಿರುಗಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಪೆಟ್ಟು ತಿಂದ ತಮ್ಮ ವಿಮಾನದಿಂದಲೇ, ತಮಗಿಂತ ಬಹಳ ವೇಗವಾದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ಕೆಡವಿ ಅವರು ಮಡಿದರೆಂಬ ಸಂಗತಿ ಬೆಳಕಿಗೆ ಬಂದದ್ದು ವರ್ಷಗಳ ಮೇಲೆ, ಅದೂ ಎದುರು ಪಕ್ಷದ ವಿವರಗಳ ಸಹಾಯದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ತರುವಾಯ. ಆ ಇಪ್ಪತ್ತಮೂರು ವರ್ಷ ಅವರ ಮನೆಯವರು ಹೇಗೆ ಕಳೆದರೆಂಬುದು ಯಾವ ಪದಕದ ಹಿಂಬದಿಯಲ್ಲಿಯೂ ಬರೆದಿರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸೈನಿಕನನ್ನು ಹೀಗೆ ನೆನೆಯುವುದು ಯುದ್ಧವನ್ನು ಹೊಗಳಿದಂತಾಗುವುದಿಲ್ಲವೆ? ಸಾಹಿತ್ಯದಲ್ಲಿ ಆಸಕ್ತರಾದವರು ಕೇಳಲೇಬೇಕಾದ ಪ್ರಶ್ನೆಯಿದು. ನನಗೆ ರನ್ನನ ಗದಾಯುದ್ಧ ನೆನಪಾಗುತ್ತದೆ. ಯುದ್ಧವೆಲ್ಲ ಮುಗಿಯುತ್ತ ಬಂದ ಹೊತ್ತಿನಲ್ಲಿ ದುರ್ಯೋಧನ ಹೆಣಗಳ ನಡುವೆ ಕಾಲೆಳೆಯುತ್ತ ನಡೆಯುತ್ತಾನೆ. ತಮ್ಮ ದುಶ್ಶಾಸನನ ಮುಂದೆ, ಗೆಳೆಯ ಕರ್ಣನ ಮುಂದೆ ಅವನು ಅತ್ತದ್ದು ಆಶ್ಚರ್ಯವಲ್ಲ. ಆದರೆ ಶತ್ರುವಿನ ಮಗನಾದ ಅಭಿಮನ್ಯುವಿನ ದೇಹದ ಮುಂದೆಯೂ ಅವನು ನಿಲ್ಲುತ್ತಾನೆ. ಆ ಹುಡುಗನ ಸಾಹಸಕ್ಕೆ ಕೈಮುಗಿದು, ತನಗೂ ಅಂಥ ಸಾವು ಬರಲೆಂದು ಬಯಸುತ್ತಾನೆ. ಕವಿ ಅಲ್ಲಿ ಯುದ್ಧವನ್ನು ಹೊಗಳುತ್ತಿಲ್ಲ. ಯುದ್ಧದ ಬೆಲೆಯನ್ನು ಹೆಣಹೆಣವಾಗಿ ಎಣಿಸಿ ತೋರಿಸುತ್ತಿದ್ದಾನೆ. ಸತ್ತವನ ಹೆಸರನ್ನು ಹಿಡಿದು ಎಣಿಸುವವನಿಗೆ ಯುದ್ಧ ಸುಲಭವಾಗಿ ಕಾಣುವುದಿಲ್ಲ. ಒಟ್ಟು ಸಂಖ್ಯೆಯನ್ನು ಮಾತ್ರ ಕೇಳಿದವನಿಗೆ ಅದು ಸುಲಭ. ದೇವಯ್ಯನವರ ಸಾಹಸಕ್ಕೆ ಎದುರು ಪಕ್ಷದವರ ಮಾತೇ ಸಾಕ್ಷಿಯಾದದ್ದನ್ನು ಓದಿದಾಗ ರನ್ನನ ಆ ಸಂದರ್ಭ ಹಳೆಯದಾಗಿಲ್ಲವೆಂದೆನಿಸಿತು.

ಮಡಿದವರ ಮಾತಾಯಿತು. ಬದುಕಿ ಬಂದವರ ಮಾತು ಇನ್ನೊಂದು ಬಗೆ. ನಮ್ಮ ಊರುಗಳಲ್ಲಿ ಸೈನ್ಯದಿಂದ ನಿವೃತ್ತನಾಗಿ ಬಂದವನಿಗೆ ಆಮೇಲೆ ಸ್ವಂತ ಹೆಸರಿರುವುದಿಲ್ಲ. ಅವನು ‘ಮಿಲ್ಟ್ರಿಯವನು’, ಮಕ್ಕಳಿಗೆ ‘ಮಿಲ್ಟ್ರಿ ಮಾವ’. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದರು. ಬಿಳಿಯ ಬಣ್ಣದಲ್ಲಿ ಹೆಸರು ನಂಬರು ಬರೆದ ಕರಿಯ ಟ್ರಂಕೊಂದು ಅವರ ಪಡಸಾಲೆಯಲ್ಲಿರುತ್ತಿತ್ತು. ಯುದ್ಧದ ಕಥೆ ಹೇಳಿರೆಂದು ನಾವು ಪೀಡಿಸುತ್ತಿದ್ದೆವು. ಅವರು ಹೇಳುತ್ತಿದ್ದುದು ಹಿಮದಲ್ಲಿ ಬೇಳೆ ಬೇಯುವುದಿಲ್ಲವೆಂಬುದನ್ನು, ಊರಿನ ಕಾಗದ ಬರುವುದು ತಡವಾದರೆ ಇಡೀ ತುಕಡಿ ಮಂಕಾಗುತ್ತಿದ್ದುದನ್ನು, ಕನ್ನಡ ಬಲ್ಲ ಇನ್ನೊಬ್ಬ ಸಿಕ್ಕಿದರೆ ರಾತ್ರಿಯೆಲ್ಲ ಮಾತಾಡುತ್ತಿದ್ದುದನ್ನು. ಆ ಇನ್ನೊಬ್ಬ ಏನಾದನೆಂದು ಕೇಳಿದರೆ ಎದ್ದು ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು.

ಸಾಮಾನ್ಯ ಜವಾನ ಮೂವತ್ತೈದು ನಲವತ್ತರ ವಯಸ್ಸಿಗೇ ಸೈನ್ಯದಿಂದ ಹೊರಬರುತ್ತಾನೆ. ಸೇನೆ ತರುಣವಾಗಿರಬೇಕೆಂಬುದು ಇದರ ಕಾರಣ, ಕಾರಣ ಸರಿಯಾದದ್ದೇ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಸೇವಾವಧಿಯಂತೂ ನಾಲ್ಕು ವರ್ಷ. ಅದರಾಚೆಗೂ ಉಳಿಸಿಕೊಳ್ಳುವುದು ಕೆಲವರನ್ನು ಮಾತ್ರ. ಉಳಿದವರು ದಾರಿಯಲ್ಲಿ ನಮ್ಮ ಪಕ್ಕದಲ್ಲಿಯೇ ನಡೆಯುವವರು. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರನ ಎದೆಯ ಮೇಲಿನ ಬಣ್ಣದ ಪಟ್ಟಿಗಳನ್ನು ನೋಡಿ ಇವು ಎಲ್ಲಿಯವು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಕೆಲವು ವರ್ಷಗಳ ಹಿಂದೆ ಪರಿಚಯದ ಮನೆಯೊಂದರ ಮೂಲಕ ಸೈನಿಕನ ವಿಧವೆಯೊಬ್ಬರು ಅರ್ಜಿ ಬರೆಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಬರಬೇಕಾಗಿದ್ದ ಕುಟುಂಬ ಪಿಂಚಣಿ ನಿಂತಿತ್ತು. ಕಾರಣವನ್ನು ತಿಳಿದಾಗ ನಗಬೇಕೋ ಅಳಬೇಕೋ ತೋರಲಿಲ್ಲ. ಗಂಡನ ಸೇವಾ ದಾಖಲೆಯಲ್ಲಿ ಆಕೆಯ ಹೆಸರು ‘ಅವ್ವ’ ಎಂದು ಮುಗಿಯುತ್ತಿತ್ತು. ರೇಷನ್ ಕಾರ್ಡಿನಲ್ಲಿ ‘ಅಮ್ಮ’ ಎಂದಿತ್ತು. ಹುಟ್ಟಿದ ಮನೆಯಲ್ಲಿ ಅವ್ವ, ಪಟ್ಟಣಕ್ಕೆ ಬಂದ ಮೇಲೆ ಅಮ್ಮ. ನಮ್ಮಲ್ಲಿ ಯಾರಿಗಾದರೂ ಅರ್ಥವಾಗುವ ಸಂಗತಿ. ಕಚೇರಿಗೆ ಮಾತ್ರ ಇವರಿಬ್ಬರು ಬೇರೆ ಬೇರೆ ಹೆಂಗಸರು. ಪ್ರಮಾಣಪತ್ರ, ಪಂಚಾಯಿತಿಯ ದೃಢೀಕರಣ, ಮತ್ತೆ ನಕಲು, ಮತ್ತೆ ಮೊಹರು. ಆಕೆ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದರೆಂದು ಲೆಕ್ಕವಿಟ್ಟವರಿಲ್ಲ. ಕೊನೆಗೆ ಕೆಲಸವಾಯಿತು. ದಾರಿ ತೋರಿಸಿಕೊಟ್ಟವರು ತಾವೂ ಸೇನೆಯಿಂದ ಬಂದಿದ್ದ ಒಬ್ಬ ಹಿರಿಯರು. ಎರಡು ಅಕ್ಷರದ ವ್ಯತ್ಯಾಸವನ್ನು ಸರಿಪಡಿಸಲು ಎರಡು ವರ್ಷಕ್ಕಿಂತ ಹೆಚ್ಚು ಹಿಡಿದಿತ್ತು. ಆ ಅವಧಿಯಲ್ಲಿ ಎರಡು ಧ್ವಜ ದಿನಗಳು ಬಂದುಹೋದುವು. ಆಕೆಯ ಮಗ ತನ್ನ ಶಾಲೆಯಲ್ಲಿ ಧ್ವಜವನ್ನು ಕೊಂಡು ಎದೆಗೆ ಸಿಕ್ಕಿಸಿಕೊಂಡು ಬಂದಿದ್ದನಂತೆ.

ಈ ಮಾತನ್ನು ಯಾರನ್ನೂ ದೂರುವುದಕ್ಕಾಗಿ ಹೇಳುತ್ತಿಲ್ಲ. ನೆನಪು ಎಲ್ಲಿ ಸೋಲುತ್ತದೆ ಎಂಬುದನ್ನು ತೋರಿಸುವುದಕ್ಕಾಗಿ ಹೇಳಿದೆ. ಅದು ಸ್ಮಾರಕದ ಮುಂದೆ ಸೋಲುವುದಿಲ್ಲ. ಅಲ್ಲಿ ಕಹಳೆಯುಂಟು, ದೀಪವುಂಟು. ಸೋಲುವುದು ಕಡತದ ಪುಟಗಳ ನಡುವೆ, ಮಗನ ಶಾಲೆಯ ಶುಲ್ಕದ ಮುಂದೆ, ವೈದ್ಯರ ಚೀಟಿಯ ಮುಂದೆ. ವೀರಗಲ್ಲನ್ನು ಬಟ್ಟೆ ಒಗೆಯುವ ಬಂಡೆಯಾಗಿ, ಮೋರಿಯ ಹಾಸುಗಲ್ಲಾಗಿ ಬಳಸುವ ಊರುಗಳನ್ನು ಕಂಡು ಸಂಶೋಧಕರು ಕೊರಗುತ್ತಾರೆ. ಕೊರಗತಕ್ಕದ್ದೇ. ಆದರೆ ಕಲ್ಲು ಮೋರಿಗೆ ಬೀಳುವ ಮೊದಲು ಇನ್ನೊಂದು ಸಂಗತಿ ನಡೆದಿರುತ್ತದೆ. ಆ ಹೊಲ ಯಾರದಾಗಿತ್ತು, ಏಕೆ ಬಿಟ್ಟದ್ದು ಎಂಬುದನ್ನು ಊರು ಮರೆತಿರುತ್ತದೆ. ಕೊಡುಗೆ ಮರೆತ ಮೇಲೆ ಕಲ್ಲು ಬರಿಯ ಕಲ್ಲು.

ಧ್ವಜ ದಿನದ ವಿಧಿ ಸಣ್ಣದೆಂದು ಮೊದಲಲ್ಲಿ ಹೇಳಿದೆ. ಅದು ಸಣ್ಣದಾಗಿರುವುದೇ ಮೇಲು. ದೊಡ್ಡ ವಿಧಿಗಳನ್ನು ನಾವು ನಿಂತು ನೋಡುತ್ತೇವೆ, ಸಣ್ಣ ವಿಧಿಗಳನ್ನು ನಾವೇ ಮಾಡಬೇಕಾಗುತ್ತದೆ. ಈಗ ಡಬ್ಬಿಯಿಲ್ಲದೆಯೂ ಮನೆಯಲ್ಲಿ ಕುಳಿತೇ ಫೋನಿನ ಮೂಲಕ ನಿಧಿಗೆ ಹಣ ಕಳುಹಿಸಬಹುದು. ಹಾಗೆ ಕೊಟ್ಟುದಕ್ಕೆ ತೆರಿಗೆಯ ವಿನಾಯಿತಿಯೂ ಇದೆ. ಒಳ್ಳೆಯದೇ. ಆದರೆ ಹಣದ ಜೊತೆಗೆ ಇನ್ನೆರಡು ಕೆಲಸಗಳನ್ನು ಮಾಡಬಹುದೆಂದು ನನಗೆ ತೋರುತ್ತದೆ. ನಮ್ಮ ಬೀದಿಯ ಮಿಲ್ಟ್ರಿಯವನ ನಿಜವಾದ ಹೆಸರನ್ನು ಕೇಳಿ ತಿಳಿದುಕೊಂಡು ಆ ಹೆಸರಿನಿಂದಲೇ ಕರೆಯುವುದು ಒಂದು. ನಾಲ್ಕಕ್ಷರ ಕಲಿತ ನಾವು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಬಾಗಿಲನ್ನು ಒಬ್ಬಂಟಿಯಾಗಿ ಹುಡುಕುತ್ತಿರುವ ಹೆಂಗಸಿಗೆ ಒಂದು ಅರ್ಜಿ ಬರೆದುಕೊಟ್ಟು ಜೊತೆಗೆ ಹೋಗಿಬರುವುದು ಇನ್ನೊಂದು. ಓದುಬರಹ ಬಲ್ಲವನು ಸಲ್ಲಿಸಬಹುದಾದ ನೆತ್ತರುಗೊಡಗೆ ಅದು.

ಕಾಗದದ ಆ ಧ್ವಜ ಸಂಜೆಯ ಹೊತ್ತಿಗೆ ಬೆವರಿಗೆ ಮೆತ್ತಗಾಗಿ ಮುದುಡುತ್ತದೆ. ಗುಂಡುಸೂಜಿಯನ್ನು ತೆಗೆದಿಟ್ಟು ಅಂಗಿಯನ್ನು ಒಗೆಯಲು ಹಾಕುತ್ತೇವೆ. ಆ ಹೊತ್ತಿನಲ್ಲಿ ಗಡಿಯ ಯಾವುದೋ ಠಾಣ್ಯದಲ್ಲಿ ಕಾವಲು ಬದಲಾಗುತ್ತಿರುತ್ತದೆ. ಒಬ್ಬನು ಇಳಿದು ಬರುತ್ತಿರುತ್ತಾನೆ, ಇನ್ನೊಬ್ಬನು ಏರಿ ಹೋಗುತ್ತಿರುತ್ತಾನೆ. ಅವನಿಗೂ ಯಾವುದೋ ಊರಿನಲ್ಲಿ ಒಂದು ಮನೆಯಿದೆ. ಆ ಮನೆ ನಮ್ಮ ಮನೆಯಿಂದ ಬಹಳ ದೂರವೇನಿಲ್ಲ.